ಗೆರೆಯಾಚೆ ನಿಂತ ಗವಿಸಿದ್ದಯ್ಯ

ಕೂಟಗಲ್ಲಿನ ಗವಿಸಿದ್ದಯ್ಯ ಬೆಂಗಳೂರು ದಂಡು, ಕೋಲಾರದ ಗಣಿ, ಮದರಾಸು, ಕಲ್ಕತ್ತ ಎಂದು ಊರೂರಿನ ತಂಡಗಳಲ್ಲಿ ಫುಟ್ಬಾಲ್ ಆಡಿ, ಗೋಲು ಹೊಡೆಯುವುದರಲ್ಲಿ ಹೆಸರು ಮಾಡಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಚನ್ನಪಟ್ಟಣಕ್ಕೆ ಬಂದು, ಬೊಂಬೆ ಕಡೆಯುವ ಹುಡುಗರ ತಂಡಕ್ಕೆ ಆಟ ಕಲಿಸತೊಡಗಿದ. ಗೆರೆಯಾಚೆ ನಿಂತು ಇನ್ನೊಬ್ಬರ ಆಟ ನೋಡುವುದು ತನ್ನಿಂದಾದೀತೇ ಎಂಬ ಅಳುಕು ಮಾತ್ರ ಹೋಗಿರಲಿಲ್ಲ.

ಕನಕಪುರದವರೊಡನೆ ಮೊದಲ ಪಂದ್ಯ. ಅರ್ಧ ಆಟ ಮುಗಿದರೂ ಗೋಲಿಲ್ಲ. ಸಿಕ್ಕ ಅವಕಾಶಗಳನ್ನೆಲ್ಲ ಕಳೆದುಕೊಂಡಿದ್ದ ಅವನ ತಂಡದ ಹುಡುಗ ಮರಿಸ್ವಾಮಿ ತಲೆ ತಗ್ಗಿಸಿ ಬಂದ.

"ಅಣ್ಣ, ನನ್ ಕೈಲಾಗಕಿಲ್ಲ. ನೀವೇ ಇಳೀರಿ."

ಹೆಸರಾಂತ ಆಟಗಾರನನ್ನು ಕಣ್ಣಾರೆ ನೋಡುವ ಆಸೆಯಿಂದ ಕನಕಪುರದವರೂ ಒಪ್ಪಿಬಿಟ್ಟರು. ಗವಿಸಿದ್ದಯ್ಯ ಬೂಟಿನ ದಾರ ಬಿಗಿದ. ಆದರೆ ಒಳಗೆ ಆಡುವಾಗ ಎಂದೂ ಕಾಣದಿದ್ದ ಒಂದು ಸಂಗತಿ ಹೊರಗೆ ನಿಂತ ಅವನಿಗೆ ಕಂಡಿತ್ತು. ದಾರ ಬಿಚ್ಚಿದ.

"ನಿನ್ ಕಾಲು ಸರಿಯಾಗೈತೆ ಕಣ್ಲಾ. ಅವಸರ ಮಾಡ್ಬ್ಯಾಡ, ಅಷ್ಟೇಯ. ಗೋಲು ಕಾಯೋನು ಮುನ್ನುಗ್ಗಿ ಬತ್ತಾನೆ, ಬರ್ಲಿ ಬುಡು. ಆಮ್ಯಾಕೆ ಪಕ್ಕಕ್ಕೆ ಒಸಿ ತಳ್ಳು."

ಮರಿಸ್ವಾಮಿ ಹಾಗೆಯೇ ಮಾಡಿದ. ಚೆಂಡು ಮೆಲ್ಲಗೆ ಉರುಳಿಕೊಂಡು ಗೋಲಿನೊಳಗೆ ಹೋಯಿತು. ಗವಿಸಿದ್ದಯ್ಯ ಗೆರೆಯಾಚೆ ನಿಂತಲ್ಲಿಂದಲೇ ಚಪ್ಪಾಳೆ ತಟ್ಟಿದ. ಎದೆಯ ಮೇಲಿಂದ ಯಾರೋ ಚಪ್ಪಡಿ ಎತ್ತಿಟ್ಟಂತಾಯಿತು. ಆಟ ಅವನನ್ನು ಬಿಟ್ಟುಹೋಗಿರಲಿಲ್ಲ.

ಸಂಜೆ ಹೆಂಡತಿ ಸರ್ವಮಂಗಳ ಬಾಗಿಲಲ್ಲೇ ಕೇಳಿದಳು: "ಆಡ್ಬುಟ್ರಾ? ಕಾಲಿಗೆ ಎಣ್ಣೆ ಕಾಯಿಸ್ಲಾ?"

"ನಾನು ಇಳೀಲೇ ಇಲ್ಲ ಕಣೆ," ಎಂದು ಅವನು ನಕ್ಕ. "ಮೊದ್ಲು ಉಣ್ಣಾಕಿಕ್ಕು. ಹೊಟ್ಟೆ ಹಸಿದೈತೆ."