ಫೆನ್ನಾಳ ಪೆಟ್ಟಿಗೆಯ ಭಾರ

ಮರಳಿನ ಮೂರನೆಯ ಚೀಲವನ್ನು ಯೆನ್ನೆಕೆ ತಾಯಿಯ ಮೊಣಕಾಲ ಕೆಳಗೆ ತುರುಕುತ್ತಿದ್ದಾಗ ಅಂಗಳದಲ್ಲಿ ಮರದ ಜೋಡುಗಳ ಸದ್ದಾಯಿತು. ಅವಳು ಅವಸರದಲ್ಲಿ ಹುಲ್ಲನ್ನು ಹರಡಿ, ಬಿಳಿ ಬಟ್ಟೆಯನ್ನು ಶವಪೆಟ್ಟಿಗೆಯ ಅಂಚಿನವರೆಗೆ ಎಳೆದು, ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು.

ಎಂಟು ತಿಂಗಳ ಕಾಯಿಲೆ ತಾಯಿ ಫೆನ್ನಾಳನ್ನು ತಿಂದುಹಾಕಿತ್ತು. ನಿನ್ನೆ ಮೈ ತೊಳೆಯುವಾಗ ಐವತ್ತೆಂಟರ ಯೆನ್ನೆಕೆ ತಾಯಿಯನ್ನು ಒಂದೇ ಕೈಯಲ್ಲಿ ಮಗ್ಗುಲಿಗೆ ಹೊರಳಿಸಿದ್ದಳು. ಹೆದರಿಕೆ ಹತ್ತಿಕೊಂಡದ್ದು ಆಗ. ಹೆಗಲು ಕೊಡುವ ಆರು ಜನ ಪೆಟ್ಟಿಗೆಯನ್ನು ಎತ್ತಿದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ? ಮಾಟಗಾತಿಗೆ ತೂಕವಿರುವುದಿಲ್ಲ, ಅದಕ್ಕೇ ಅವಳು ಗಾಳಿಯಲ್ಲಿ ಹಾರುತ್ತಾಳೆ, ನೀರಿನಲ್ಲಿ ತೇಲುತ್ತಾಳೆ. ಐವತ್ತೆರಡು ವರ್ಷದ ಹಿಂದೆ ಈ ಊರು ಫೆನ್ನಾಳ ಬಗ್ಗೆ ಆಡಿದ ಮಾತು ಅದು. ಅವಳು ಮಣ್ಣಿಗೆ ಹೋಗುವ ದಿನ ಆ ಮಾತು ಮತ್ತೆ ಏಳಬಾರದು.

"ನಾನಲ್ವಾ ಬಂದು ತೊಳೀಬೇಕಾದವಳು?" ಪಕ್ಕದ ಮನೆಯ ಹಿಲ್ಲೆ ಹೊಸ್ತಿಲಲ್ಲೇ ನಿಂತು ಕೇಳಿದಳು. "ನೆರೆಯವರ ಕೆಲಸ ಅದು. ನಾಳೆ ಜನ ನನ್ನ ಆಡ್ಕೊಳ್ಳಲ್ವಾ?"

"ಎಷ್ಟರ ಕೆಲಸ ಅಕ್ಕ. ನಾನೇ ಮುಗಿಸ್ದೆ."

ಅಲ್ಲಿನ ಕಟ್ಟಳೆ ಹಾಗೆ. ಮಾತು ಬಿಟ್ಟವರಾಗಲಿ, ಜಗಳ ಕಾದವರಾಗಲಿ, ಹತ್ತಿರದ ಆರು ಮನೆಯವರು ಹೆರಿಗೆಗೂ ಸಾವಿಗೂ ಬರಲೇಬೇಕು. ನಡುವಿನ ದಿನಗಳಿಗೆ ಕಟ್ಟಳೆಯಿಲ್ಲ.

ಹಿಲ್ಲೆಯ ಗಂಡ ಬೆರೆಂಡ್ ಬಾಯಲ್ಲಿ ಮೊಳೆ ಕಚ್ಚಿಕೊಂಡು ಒಳಗೆ ಬಂದ. ಎಪ್ಪತ್ತರ ಮುದುಕ. ಪೆಟ್ಟಿಗೆ ಮಾಡಿಕೊಟ್ಟವನೂ ಅವನೇ.

"ಇನ್ನೊಂದ್ಸಲ ಮುಖ ನೋಡ್ಕೊಳ್ತೀಯೇನಮ್ಮ?"

"ನೋಡಾಯ್ತು. ಹೊಡಿ."

*

ಐವತ್ತೆರಡು ವರ್ಷದ ಹಿಂದಿನ ಮಾತು. ಬೆರೆಂಡನ ಅಪ್ಪನ ಎರಡು ಹಸು ಒಂದೇ ವಾರದಲ್ಲಿ ಸತ್ತಿದ್ದವು. ಸಾಯುವ ಮುಂಚೆ ಅವುಗಳ ಹಾಲು ಕರೆದವಳು ಫೆನ್ನಾ. ಬಾವಿಕಟ್ಟೆಯಲ್ಲಿ ಹುಟ್ಟಿದ ಮಾತು ಚರ್ಚಿನ ಬಾಗಿಲವರೆಗೆ ಬೆಳೆದಾಗ, ಅವಳು ಆರು ವರ್ಷದ ಮಗಳ ಕೈಹಿಡಿದು ನಾಲ್ಕು ದಿನ ನಡೆದಳು. ಹಾಲೆಂಡಿನ ಒಂದು ಊರಿನ ತೂಕದ ಮನೆಯಲ್ಲಿ ಚೀಸ್ ತೂಗುವ ತಕ್ಕಡಿಯಲ್ಲೇ ಮನುಷ್ಯರನ್ನೂ ತೂಗಿ, ಇವಳ ತೂಕ ಮೈಕಟ್ಟಿಗೆ ಸರಿಯಾಗಿದೆ ಎಂದು ಮೊಹರು ಹಾಕಿದ ಕಾಗದ ಕೊಡುತ್ತಿದ್ದರು.

ಒಳಗೆ ನಡೆದದ್ದು ಯೆನ್ನೆಕೆಗೆ ಮಸುಕಾಗಿ ನೆನಪು: ತಾಯಿ ಒಳಲಂಗದಲ್ಲಿ, ಕೂದಲು ಬಿಚ್ಚಿಕೊಂಡು ನಿಂತದ್ದು, ಯಾರೋ ಕೆಮ್ಮಿದ್ದು. ಹೊರಗೆ ನಡೆದದ್ದು ಚೆನ್ನಾಗಿ ನೆನಪು. ತಕ್ಕಡಿ ಏರುವ ಮುಂಚೆ ಫೆನ್ನಾ ಬೀದಿಯ ಬಾವಿಯ ಬಳಿ ಕೂತು ನೀರು ಕುಡಿದಳು. ಬೊಗಸೆ, ಮತ್ತೆ ಬೊಗಸೆ. ಹೊಟ್ಟೆ ಬಿಗಿದು, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

"ಸಾಕಮ್ಮ," ಎಂದಿದ್ದಳು ಮಗಳು.

"ಗೊತ್ತಿಲ್ಲ ಕಣೇ," ಎಂದಿದ್ದಳು ತಾಯಿ. "ನಾನು ಎಷ್ಟು ಭಾರ ಇದೀನೋ ನಂಗೇ ಗೊತ್ತಿಲ್ಲ."

ಊರಿಗೆ ಮರಳಿ ಫೆನ್ನಾ ಆ ಕಾಗದವನ್ನು ಮನೆ ಮನೆಗೂ ತೋರಿಸಿದಳು. ಓದಿದವರು ತಲೆಯಾಡಿಸಿದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಯಾರೂ ಬರಲೂ ಇಲ್ಲ. ಗಂಡ ಹಡಗಿಗೆ ಹೋದವನು ಹೋದ. ಫೆನ್ನಾ ನೂಲು ತೆಗೆದಳು, ಹೆಬ್ಬಾತು ಸಾಕಿದಳು, ಭಾನುವಾರ ಚರ್ಚಿನ ಕೊನೆಯ ಸಾಲಿನಲ್ಲಿ ಮಗಳ ಪಕ್ಕ ಕೂತಳು.

*

ಮೊದಲ ಹೊಲ ದಾಟುವಷ್ಟರಲ್ಲಿ ಹೊತ್ತವರಿಗೆ ಏದುಸಿರು ಬಂತು. ಕಾಲುವೆಯ ದಂಡೆಯಲ್ಲಿ ಪೆಟ್ಟಿಗೆ ಇಳಿಸಿದರು.

"ಏನಪ್ಪಾ ಇದು, ಸತ್ಮೇಲೆ ಹಂದಿ ತಿಂದ್ಳಾ ಮುದುಕಿ?" ಎಂದ ಒಬ್ಬ.

"ಮೆತ್ತಗೆ. ಮಗಳು ಹಿಂದೇನೇ ಇದಾಳೆ."

ಲುಬ್ಬರ್ಟ್ ಮಾತ್ರ ನಗಲಿಲ್ಲ. ಲೈಡನ್ನಿನ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಕಲಿತು ಬಂದ ವೈದ್ಯ ಅವನು, ಗಿರಣಿ ಪಕ್ಕದ ಮನೆಯವನು. "ಹೋದ ವಾರ ನಾನೇ ಅವಳನ್ನ ಎತ್ತಿ ಕೂರಿಸ್ದೆ. ಹುಲ್ಲಿನ ಕಟ್ಟಿನಷ್ಟಿದ್ಲು. ಸತ್ತ ಮೈ ಭಾರ ಆಗೋಕೆ ಸಾಧ್ಯವೇ ಇಲ್ಲ."

"ಹೆಣ ಭಾರ ಅಂತಾರಲ್ಲ ಮಾರಾಯ."

"ಅಂತಾರೆ. ತೂಗಿ ನೋಡಿದೋರು ಅನ್ನಲ್ಲ. ನಮ್ಮ ಗುರುಗಳು ಗಾಳಿನೇ ತೂಗಿ ತೋರ್ಸಿದ್ರು."

"ಗಾಳಿನ! ಯಾವ ಚೀಲದಲ್ಲಿ ತುಂಬಿ?"

"ಗಾಜಿನ ಬುರುಡೆಲಿ. ಒಳಗಿನ ಗಾಳಿ ಎಳೆದು ತೆಗೆದ್ರೆ ಬುರುಡೆ ಹಗುರ ಆಗತ್ತೆ." ಅವನು ಪೆಟ್ಟಿಗೆಯ ಒಂದು ತುದಿಯನ್ನು ಎತ್ತಿ ಇಳಿಸಿದ. "ಇದರಲ್ಲಿ ಇನ್ನೇನೋ ಇದೆ ಬೆರೆಂಡ್. ಒಂದು ಹಲಗೆ ಎಬ್ಬಿಸು, ನೋಡೋಣ."

ಬೆರೆಂಡ್ ಯೆನ್ನೆಕೆಯ ಕಡೆ ನೋಡಿದ. ಅವಳು ಮುಂದೆ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಮರಳು," ಎಂದಳು. "ಮೂರು ಚೀಲ. ನಾನೇ ಹಾಕಿದ್ದು."

"ಯಾಕೆ?" ಎಂದ ಲುಬ್ಬರ್ಟ್.

"ಅಮ್ಮ ಹಗುರ ಅಂತ ನಿಮಗೆ ಅನ್ನಿಸಬಾರದು ಅಂತ."

ಅವರ ಕಣ್ಣುಗಳಲ್ಲಿ ತಾನು ಹೆದರಿದ್ದ ಆ ಹಳೆಯ ಸಂಶಯ ಕಾಣುತ್ತದೆಯೇ ಎಂದು ಯೆನ್ನೆಕೆ ಒಂದೊಂದೇ ಮುಖ ಹುಡುಕಿದಳು. ಗಲಿಬಿಲಿಯಲ್ಲದೆ ಬೇರೇನೂ ಕಾಣಲಿಲ್ಲ.

"ಹಗುರ ಆದ್ರೇನಕ್ಕ?" ಎಂದ ಹಂದಿಯ ಮಾತಾಡಿದವನು. "ನಮಗೇ ಒಳ್ಳೇದಾಗ್ತಿತ್ತಲ್ಲ."

ಬೆರೆಂಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅದೊಂದು ಹಳೇ ಮಾತು ಕಣಯ್ಯ. ಹುಟ್ಟಿದ್ದು ನಮ್ಮನೆ ಕೊಟ್ಟಿಗೇಲೇ," ಎಂದು ಹಸುಗಳ ಕತೆಯನ್ನೂ ತಕ್ಕಡಿಯ ಕತೆಯನ್ನೂ ನಾಲ್ಕು ಮಾತಿನಲ್ಲಿ ಹೇಳಿದ.

ಲುಬ್ಬರ್ಟನ ದನಿ ಮೃದುವಾಯಿತು. "ಯೆನ್ನೆಕಕ್ಕ, ಈ ಕಾಲದಲ್ಲಿ ಮಾಟ ಯಾರು ನಂಬ್ತಾರೆ? ತಿಳಿದೋರು ಪುಸ್ತಕ ಬರೆದು ಅದೆಲ್ಲ ಸುಳ್ಳು ಅಂತ ತೋರ್ಸಿ ಎಷ್ಟೋ ವರ್ಷ ಆಯ್ತು. ನಮ್ಮ ಪಾದ್ರಿನೇ ನಂಬಲ್ಲ. ಇಲ್ಲಿರೋರು ಯಾರಾದ್ರೂ ನಂಬ್ತೀರೇನ್ರಯ್ಯಾ?"

ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ.

"ಹಾಗಾದ್ರೆ ಯಾಕೆ ಯಾರೂ ಬರ್ಲಿಲ್ಲ?" ಎಂದಳು ಯೆನ್ನೆಕೆ.

ಕಾಲುವೆಯ ನೀರು ದಂಡೆಗೆ ಬಡಿಯುತ್ತಿತ್ತು. ಯೆನ್ನೆಕೆಯ ಪಕ್ಕ ನಡೆದು ಬಂದಿದ್ದ ಹಿಲ್ಲೆ ಬಾಯಿಬಿಟ್ಟಳು. "ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ನಿಮ್ಮನೆಗೆ ಹೋಗ್ತಿರ್ಲಿಲ್ಲ. ನಾನೂ ಹೋಗ್ಲಿಲ್ಲ. ಯಾಕೆ ಅಂತ ಕೇಳೇ ಇಲ್ಲ ಕಣಮ್ಮ."

"ಹಲಗೆ ಎಬ್ಬಿಸ್ಲಾ?" ಲುಬ್ಬರ್ಟ್ ತಗ್ಗಿದ ದನಿಯಲ್ಲಿ ಕೇಳಿದ. "ಮರಳು ತೆಗೆದ್ರೆ ಹಗುರ ಆಗತ್ತೆ."

"ಬೇಡ," ಎಂದ ಬೆರೆಂಡ್. ಹೊತ್ತವರಲ್ಲಿ ಒಬ್ಬನಾಗಿದ್ದ ತನ್ನ ಮಗನನ್ನು ಪಕ್ಕಕ್ಕೆ ಸರಿಸಿ ಮುಂದಿನ ಕೊನೆಗೆ ತಾನೇ ಹೆಗಲು ಕೊಟ್ಟ. "ಇದ್ದ ಹಾಗೇ ಹೊರೋಣ."

ಚರ್ಚು ತಲುಪುವವರೆಗೆ ಇನ್ನೂ ಮೂರು ಸಲ ಇಳಿಸಬೇಕಾಯಿತು.

*

ಹೂತು ಬಂದವರು ಸತ್ತವರ ಮನೆಯಲ್ಲೇ ಉಣ್ಣಬೇಕು. ಒಳಗೆ ಬಂದು ನೋಡಿದರೆ ಆ ಮನೆಯಲ್ಲಿದ್ದದ್ದು ಎರಡೇ ಕುರ್ಚಿ. ಎಲ್ಲರೂ ತಂತಮ್ಮ ಮನೆಗೆ ಹೋಗಿ ಒಂದೊಂದು ಕುರ್ಚಿ ಹೊತ್ತು ತಂದರು. ಅಡುಗೆಮನೆ ತುಂಬಿತು. ಮೊಣಕೈಗಳು ತಾಗಿದವು. ರೈ ಬ್ರೆಡ್ಡು, ಹಂದಿಯ ಒಣಮಾಂಸ, ತೆಳ್ಳಗಿನ ಬಿಯರ್. ಲುಬ್ಬರ್ಟ್ ಗಾಜಿನ ಬುರುಡೆಯ ಕತೆಯನ್ನು ಇನ್ನೊಮ್ಮೆ ಹೇಳಿದ. ಯಾರೋ, ಬ್ರೆಡ್ಡು ಚೆನ್ನಾಗಿದೆ ಎಂದರು. ಯೆನ್ನೆಕೆ ಅವರ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ಹಾಲು ಕರೆಯುವ ಹೊತ್ತಿಗೆ ಒಬ್ಬೊಬ್ಬರೇ ಎದ್ದರು. ತಲೆಯ ಮೇಲೆ ಕುರ್ಚಿಗಳನ್ನು ಬೋರಲಾಗಿ ಹೊತ್ತು, ಮೆರವಣಿಗೆಯಂತೆ ಹೊಲಕ್ಕಿಳಿದು ಚದುರಿದರು. ಯೆನ್ನೆಕೆ ಬಾಗಿಲಲ್ಲಿ ನಿಂತು ನೋಡಿದಳು. ಕೊನೆಯವಳು ಹಿಲ್ಲೆ. ಅವಳ ಕೈ ಬರಿದಾಗಿತ್ತು.

ಯೆನ್ನೆಕೆ ತಿರುಗಿದಳು. ಒಲೆಯ ಬಳಿ ಹಿಲ್ಲೆಯ ಕುರ್ಚಿ ಹಾಗೇ ಇತ್ತು. ಮರೆತು ಹೋದಳೋ, ಬಿಟ್ಟು ಹೋದಳೋ. ಕೂಗಿದರೆ ಕೇಳುವಷ್ಟು ದೂರದಲ್ಲೇ ಇದ್ದಳು ಇನ್ನೂ.

ಯೆನ್ನೆಕೆ ಕೂಗಲಿಲ್ಲ. ಪೊರಕೆ ತೆಗೆದುಕೊಂಡು, ಆ ಕುರ್ಚಿಯ ಕಾಲುಗಳಿಗೆ ತಾಗದ ಹಾಗೆ, ಸುತ್ತಲೂ ಗುಡಿಸತೊಡಗಿದಳು.