ಬೇಡವೆಂದು ಬರೆಸಿದ ಜೀವನಾಂಶ

ಬಟ್ಟೆಯಷ್ಟೇ ನೇರವಾಗಿ ಮಾತನ್ನೂ ಕತ್ತರಿಸುತ್ತಿದ್ದುದರಿಂದ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಮದುವೆಯಾದಾಗಿನಿಂದ ಗಂಡನ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿದವಳು, ಅದೂ ಬಿಡಿಗಾಸೂ ಸಂಬಳವಿಲ್ಲದೆ. ಸಂಸಾರ ಮುರಿದಾಗ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಜೀವನಾಂಶ ಬೇಡವೆಂದು ಅವಳೇ ಬರೆಸಿದ್ದಳು. ಅವನ ಕಾಸು ಮುಟ್ಟಿದರೆ ಇನ್ನೂ ಅವನ ಹೆಂಡತಿಯಾಗಿಯೇ ಉಳಿದಂತೆ ಎಂಬ ಹಟ. ಹಟದಿಂದ ಹೊಟ್ಟೆ ತುಂಬುತ್ತದೆಯೇ? ಎರವಲು ತಂದ ಹೊಲಿಗೆ ಯಂತ್ರ ಕೈಕೊಡುತ್ತಿತ್ತು, ಕೋಣೆಯ ಬಾಡಿಗೆಗೇ ಪರದಾಟ.

ಒಪ್ಪಿಗೆ ಖಚಿತಪಡಿಸಲು ಕೋರ್ಟಿನಲ್ಲಿ ಎರಡನೇ ಸಲ ಹೇಳಿಕೆ ಕೊಡುವ ದಿನ ಹತ್ತಿರ ಬಂತು. ತನ್ನ ಲಾಯರಮ್ಮನ ಕೋಣೆಗೆ ಹೋದರೆ ಅಲ್ಲಿ ಅತ್ತೆ ಕೂತಿದ್ದಾರೆ! ಮಗನ ಪರ ಬಂದಿದ್ದಾರೆಂದು ಕತ್ತರಿ ಮುಖ ಗಂಟಿಕ್ಕಿದಳು.

“ಮುಖ ಆಮೇಲೆ ಊದಿಸ್ಕೋ, ಮೊದಲು ಕೇಳು,” ಅಂದರು ಅತ್ತೆ. “ಆ ಅಂಗಡಿ ನಿಂತಿರೋದು ನಿನ್ನ ಬೆನ್ನುನೋವಿನ ಮೇಲೆ. ಕಣ್ಣಾರೆ ಕಂಡೋಳು ನಾನು. ಬೇಡ ಅನ್ನೋಕೆ ನಿನಗೇನು ಹುಚ್ಚೇ?”

“ಅವರ ಋಣ ನನಗೆ ಬೇಡ ಅತ್ತೆ.”

“ಋಣ ಇರೋದು ಅವನ ತಲೆ ಮೇಲೆ ಕಣೇ!”

ಲಾಯರಮ್ಮ ನಕ್ಕರು. “ಹಿಂದೂ ವಿವಾಹ ಕಾಯ್ದೇಲಿ ಜೀವನಾಂಶ ಅನ್ನೋದು ಭಿಕ್ಷೆ ಅಲ್ಲಮ್ಮ. ವಿಚ್ಛೇದನ ಆದ್ಮೇಲೂ ಬದುಕು ನಡೀಲಿ ಅಂತ ಇರೋದು. ಒಂದೇ ಸಲ ತಗೋಬಹುದು, ತಿಂಗಳು ತಿಂಗಳೂ ತಗೋಬಹುದು. ತಗೊಂಡ ಮಾತ್ರಕ್ಕೆ ಹೆಂಡ್ತಿಯಾಗಿ ಉಳಿಯಲ್ಲ. ಬೇಡ ಅಂತ ಬರ್ಕೊಟ್ಟು ಆಮೇಲೆ ಬೇಕು ಅಂದ್ರೆ ಕಷ್ಟ. ಈಗಲೇ ಷರತ್ತು ಬದಲಾಯಿಸೋಣ.”

“ಅವರು ಒಪ್ಪಬೇಕಲ್ಲ?”

“ಒಪ್ಪದಿದ್ರೆ ಕೇಸು ನಡೀಲಿ. ಸಾಕ್ಷಿ ಹೇಳೋಕೆ ನಾನಿದ್ದೀನಿ,” ಅಂದರು ಅತ್ತೆ. “ಅವನಿಗೂ ಹೇಳಿಯೇ ಬಂದೆ.”

ಹೆತ್ತ ಮಗನ ವಿರುದ್ಧ ಸಾಕ್ಷಿ! ಕತ್ತರಿಯ ಕಣ್ಣು ತುಂಬಿ ಬಂತು. ಹೆತ್ತ ತಾಯಿಯೂ ಅವಳ ಬೆನ್ನಿಗೆ ಇಷ್ಟು ಗಟ್ಟಿಯಾಗಿ ನಿಂತಿರಲಿಲ್ಲ.

ಗಂಡ ಹಲ್ಲು ಕಡಿಯುತ್ತಲೇ ಒಪ್ಪಿದ. ಹೊಸ ಯಂತ್ರಕ್ಕೂ ಸಣ್ಣ ಮಳಿಗೆಯ ಮುಂಗಡಕ್ಕೂ ಸಾಲುವಷ್ಟು ಮೊತ್ತ ಒಂದೇ ಸಲಕ್ಕೆ ಕೈಸೇರಿತು. ನ್ಯಾಯಾಧೀಶರು ವಿಚ್ಛೇದನ ಕೊಟ್ಟರು. ಹೊರಗೆ ಬಂದವನೇ ಅವನು ತಾಯಿಗೆ, “ಅವಳೇ ಹೆಚ್ಚಾದ್ಲಲ್ಲ, ಅವಳ ಜೊತೇನೇ ಹೋಗು,” ಎಂದು ಕಾರು ಹತ್ತಿ ಹೊರಟುಬಿಟ್ಟ.

ಅತ್ತೆ ಕೈಚೀಲ ಹಿಡಿದು ಮೆಟ್ಟಿಲ ಮೇಲೇ ನಿಂತರು. ಮಗನ ಕಾರು ಹೋದ ದಾರಿಯನ್ನೇ ನೋಡಿದರು. “ಬಸ್ಸಲ್ಲಿ ಹೋಗ್ತೀನಿ ಬಿಡು. ಅವನು ಬಾಗಿಲು ತೆಗೆದ್ರೆ ಸರಿ, ಇಲ್ದಿದ್ರೆ…”

ಕತ್ತರಿ ಕೈಚೀಲ ಕಿತ್ತುಕೊಂಡಳು. “ಯಾರ್ಯಾರದೋ ಬಾಗಿಲು ಯಾಕೆ? ನಡೀರಿ ಅತ್ತೆ, ಮನೆಗೆ ಹೋಗೋಣ.”

“ನಾನಿನ್ನೂ ನಿನಗೆ ಅತ್ತೇನಾ?”

“ನಾನು ಬಿಟ್ಟಿದ್ದು ಅವರನ್ನ. ನಿಮ್ಮನ್ನ ಬಿಡ್ತೀನಿ ಅಂತ ಯಾವ ಕೋರ್ಟಲ್ಲೂ ಹೇಳಿಲ್ಲ.”