ದುರಸ್ತಿಗಾಗಿ ಮುಚ್ಚಲಾಗಿದೆ

"ಏಯ್ ಪೊರಕೆ, ಕಣ್ಣು ಕಾಣಲ್ವೇನೆ? ಮೇಜಿನ ಕೆಳಗೂ ಚೆಲ್ಲಿದೆ, ಬಗ್ಗಿ ಒರೆಸು. ಸಂದರ್ಶನ ನಡೀತಿದೆ, ಸದ್ದು ಮಾಡ್ಬೇಡ."

ಚಹಾ ಚೆಲ್ಲಿ ಗದರಿದವರು ರಾಜಕೀಯ ಇತಿಹಾಸ ವಿಭಾಗದ ಮುಖ್ಯಸ್ಥರು. ಬಗ್ಗಿದವಳು ಇಪ್ಪತ್ತಮೂರು ವರ್ಷದಿಂದ ಅಲ್ಲಿಯ ಕಸ ಗುಡಿಸಿ ಕಕ್ಕಸು ತೊಳೆಯುತ್ತಿದ್ದ ಹೆಂಗಸು. ಬಟ್ಟೆ ಹಿಡಿದು ಮೇಜಿನಡಿ ನುಸುಳಿದವಳಿಗೆ ಕಂಡದ್ದು ಸಮಿತಿಯ ಮೂರು ಜೊತೆ ಬೂಟು, ಎದುರಿಗೆ ನಿಂತ ಒಂದು ಜೊತೆ ಸವೆದ ಚಪ್ಪಲಿ. ಚಪ್ಪಲಿ ಅವಳ ಮಗಳದು. ತಾನು ತಾಯಿ ಎಂಬುದನ್ನು ಅಪ್ಪಿತಪ್ಪಿಯೂ ಬಾಯಿಬಿಡಬೇಡವೆಂದು ಬೆಳಿಗ್ಗೆಯೇ ಮಗಳಿಗೆ ತಾಕೀತು ಮಾಡಿದ್ದಳು.

ಬೇಸಿಗೆಯ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನ ಒಂದೇ ಒಂದು ಉಳಿದಿತ್ತು. ಅದು ಸಿಕ್ಕರೆ ಮಗಳ ಕೈಗೆ ಪುಸ್ತಕ, ಸಿಗದಿದ್ದರೆ ಪೊರಕೆ. ಗುಡಿಸುವವರ ಮೇಸ್ತ್ರಿ ಆಗಲೇ ಮಗಳನ್ನು ಕೆಲಸದ ಪಟ್ಟಿಗೆ ಸೇರಿಸಿಕೊಂಡಿದ್ದ. ಒಂದು ಬೇಸಿಗೆಗೆಂದು ಪೊರಕೆ ಹಿಡಿದವರು ಮತ್ತೆ ತರಗತಿಗೆ ಹೋದದ್ದನ್ನು ತಾಯಿ ಕಂಡಿರಲಿಲ್ಲ. ಅವಳೂ ಒಂದು ಬೇಸಿಗೆಗೆಂದೇ ಬಂದವಳು.

"ವಿಷಯ?"

"ಇಪ್ಪತ್ತೆರಡು ವರ್ಷದ ಹಿಂದೆ ಇದೇ ವಿಶ್ವವಿದ್ಯಾಲಯದಲ್ಲಿ ಕಸ ಗುಡಿಸೋರು ಮಾಡಿದ ಹನ್ನೊಂದು ದಿನದ ಮುಷ್ಕರ, ಸರ್."

ಮೂರು ಜೊತೆ ಬೂಟೂ ಒಮ್ಮೆಗೇ ಹಿಂದೆ ಸರಿದವು.

"ಅಂಥದ್ದು ನಡೆದೇ ಇಲ್ವಲ್ಲಮ್ಮ," ಎಂದರು ಮುಖ್ಯಸ್ಥರು. "ಕಡತ ನೋಡು. ಆ ಹನ್ನೊಂದು ದಿನ 'ದುರಸ್ತಿಗಾಗಿ ಮುಚ್ಚಲಾಗಿದೆ' ಅಂತಿದೆ. ನಾನೇ ಬರೆದದ್ದು."

"ಮುಷ್ಕರ ಮಾಡಿದೋರು ಇನ್ನೂ ಇದಾರೆ ಸರ್, ಅವರನ್ನ ಕೇಳಿ..."

"ಕಸದೋರು ಹೇಳಿದ್ದೆಲ್ಲ ಇತಿಹಾಸ ಆಗುತ್ತಾ? ಆಕರ ಬೇಕಮ್ಮ, ಆಕರ! ಬರೆದು ಸಹಿ ಹಾಕಿದ ಒಂದು ಚೀಟಿ ತೋರ್ಸು, ವಿದ್ಯಾರ್ಥಿವೇತನ ನಿಂದೇ. ಬರಹದಲ್ಲಿ ಇಲ್ಲದ್ದು ನಡೆದಿಲ್ಲ, ಮುಗೀತು. ನಾಲ್ಕು ಗಂಟೆಗೆ ಪಟ್ಟಿ ಹಾಕ್ತೀವಿ."

ಉಳಿದ ಇಬ್ಬರು ಸದಸ್ಯರು ಇದೊಂದು ಭಾರಿ ತಮಾಷೆಯೆಂಬಂತೆ ನಕ್ಕರು. ಮೇಜಿನಡಿಯವಳಿಗೆ ನಾಲಿಗೆ ತುರಿಸಿತು. ಆ ಹನ್ನೊಂದು ದಿನವೂ ಕಕ್ಕಸು ತೊಳೆಯುವವರಿಲ್ಲದೆ ಈ ಮುಖ್ಯಸ್ಥರೇ ನೀರಿನ ಡಬ್ಬ ಹಿಡಿದು ಗ್ರಂಥಾಲಯದ ಹಿಂದಿನ ಪೊದೆಗೆ ಓಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಮೊಗಸಾಲೆಯಲ್ಲಿ ಮಗಳನ್ನು ಹಿಡಿದು ನಿಲ್ಲಿಸಿದಳು.

"ಆಕರ ಅಂದ್ರೆ ಯಾರೇ? ಎಲ್ಲಿ ಸಿಗ್ತಾನೆ?"

"ಯಾರೂ ಅಲ್ಲವ್ವ. ಕಂಡೋರು ಹೇಳಿದ್ದನ್ನ ಬರ್ದು, ಅವರ ಸಹಿ ಹಾಕಿಸಿದ ಕಾಗದ ಅಷ್ಟೇ."

"ಹಂಗಾದ್ರೆ ಈ ಮುಖ್ಯಸ್ಥನೂ ಕಂಡೋನೇ ತಾನೆ?"

"ಅವರು ಹೇಳ್ತಾರಾ? ಬಿಡವ್ವ. ನಾಳೆಯಿಂದ ನಾನೂ ಪೊರಕೆ ಹಿಡೀತೀನಿ."

"ಬಾಯ್ಮುಚ್ಚೆ ಮುಂಡೇದೇ! ಒಂದು ರಟ್ಟು, ಕಾಗದ, ಪೆನ್ನು ತಗೊಂಡು ಕಕ್ಕಸಿನ ಹತ್ರ ಬಾ."

"ಅಲ್ಯಾಕೆ?"

"ನಿಮ್ಮ ಮುಖ್ಯಸ್ಥ ಐದು ಲೋಟ ಚಹಾ ಕುಡ್ದಿದಾನೆ."

ಆ ಮಹಡಿಗಿದ್ದದ್ದು ಒಂದೇ ಕಕ್ಕಸು. ಮುಖ್ಯಸ್ಥರಿಗಿದ್ದದ್ದು ಸಕ್ಕರೆ ಕಾಯಿಲೆ. ಮೂರೂವರೆಗೆ ಅವರು ಅರ್ಧ ನಡೆದು ಅರ್ಧ ಓಡಿ ಬರುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತು, ಬೀಗದ ಮೇಲೆ ಮಗಳ ದುಂಡನೆಯ ಅಕ್ಷರದ ರಟ್ಟು ತೂಗುತ್ತಿತ್ತು: ದುರಸ್ತಿಗಾಗಿ ಮುಚ್ಚಲಾಗಿದೆ.

"ಏಯ್ ಪೊರಕೆ, ತೆಗಿಯೇ ಬಾಗ್ಲು!"

"ಬೋರ್ಡು ನೋಡಿ ಸಾರ್."

"ದುರಸ್ತಿಯೂ ಇಲ್ಲ, ಮಣ್ಣೂ ಇಲ್ಲ! ಬೆಳಿಗ್ಗೆ ಹೋಗಿ ಬಂದಿದೀನಲ್ಲೇ!"

"ನೀವು ಹೋಗಿದ್ದಕ್ಕೆ ಚೀಟಿ ಇದ್ಯಾ ಸಾರ್? ಬರಹದಲ್ಲಿ ಇಲ್ಲದ್ದು ನಡೆದಿಲ್ವಂತಲ್ಲ."

ಮುಖ್ಯಸ್ಥರು ಕಾಲಿಗೆ ಕಾಲು ಹೆಣೆದುಕೊಂಡು ನಿಂತರು. ಹಣೆಯ ಮೇಲೆ ಬೆವರು ಸಾಲಿಟ್ಟಿತು. "ನಿಮ್ಮ ವಂಶ ಹಾಳಾಗ! ಆವತ್ತಿನ ಹಾಗೇ ಮತ್ತೆ ಮುಷ್ಕರ ಹೂಡಿದೀರೇನೇ? ಹನ್ನೊಂದು ದಿನ ಜೀವ ಹಿಂಡಿದ್ದು ಸಾಲ್ದಾ?"

ಮಗಳ ಪೆನ್ನು ಆಗಲೇ ಓಡುತ್ತಿತ್ತು. ಮುಖ್ಯಸ್ಥರ ಮಾತನ್ನು ಬೈಗುಳವನ್ನೂ ಬಿಡದೆ, ತಾರೀಖು ವೇಳೆ ಸಮೇತ ಬರೆದು, ಕಾಗದ ಚಾಚಿದಳು. "ಸಹಿ, ಸರ್."

"ಎಷ್ಟು ಕೊಬ್ಬೇ ನಿನಗೆ..." ಎಂದು ಶುರುಮಾಡಿದ ಮುಖ್ಯಸ್ಥರಿಗೆ ಮುಂದಿನ ಮಾತು ಆಡುವಷ್ಟು ಪುರುಸೊತ್ತಿರಲಿಲ್ಲ. ಗೋಡೆಗೆ ಕಾಗದ ಒತ್ತಿ ಗೀಚಿದರು. ರೂಢಿಬಲದಿಂದ ಕೆಳಗೆ 'ಮುಖ್ಯಸ್ಥರು, ರಾಜಕೀಯ ಇತಿಹಾಸ ವಿಭಾಗ' ಎಂದೂ ಬರೆದರು.

ಬೀಗ ತೆರೆಯಿತು. ಅವರು ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಒಳಗಿಂದ ಹಳೆಯ ಗತ್ತಿನ ದನಿ ಬಂತು.

"ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇಲ್ಲ! ಆ ಕಾಗದ ಈಗಲೇ ಹರಿದು ಬಿಸಾಕ್ತೀನಿ, ಇರು!"

ಇಪ್ಪತ್ತಮೂರು ವರ್ಷದ ಅನ್ನ ಅದು. ನಾಳೆ ಒಲೆ ಹೇಗೆ ಹೊತ್ತುತ್ತದೆಂದು ತಾಯಿಗೆ ತಿಳಿಯದು. ಆದರೂ ಬಾಗಿಲು ಎಳೆದು ಹೊರಗಿನ ಚಿಲಕ ಹಾಕಿದಳು.

"ಅವ್ವಾ!"

"ನನ್ನ ಮುಖ ಏನೇ ನೋಡ್ತೀಯ? ಓಡು! ನಾಲ್ಕು ಹೊಡೆಯೋಕೆ ಮುಂಚೆ ಸಮಿತಿಯ ಆ ಇಬ್ಬರ ಮುಂದೆ ಕಾಗದ ಇಡು. ಕೈಗೆ ಕೊಡ್ಬೇಡ, ಮೊದಲು ಜೋರಾಗಿ ಓದು."

ಮಗಳು ಓಡಿದಳು. ಬಾಗಿಲು ದಬದಬ ಗುದ್ದಿಸಿಕೊಳ್ಳತೊಡಗಿತು. ಹಳೆಯ ಚಿಲಕ, ಒಂದೊಂದು ಗುದ್ದಿಗೂ ಮೊಳೆ ಸಡಿಲವಾಗುತ್ತಿತ್ತು. ತಾಯಿ ನೆಲಕ್ಕೆ ಕೂತು ಬಾಗಿಲಿಗೆ ಬೆನ್ನೊತ್ತಿದಳು. ಸದ್ದು ಕೇಳಿ ಕೆಳಗಿನ ಮಹಡಿ ಗುಡಿಸುವವಳು ಮೆಟ್ಟಿಲು ಹತ್ತಿ ಬಂದಳು.

"ಏನಕ್ಕಾ ಒಳಗೆ, ಈ ಪಾಟಿ ಸದ್ದು?"

"ಇತಿಹಾಸ ಕಣೇ. ಬಾ, ನೀನೂ ಒಂದಿಷ್ಟು ಬೆನ್ನು ಕೊಡು."

ಬಂದವಳು ಬಕೆಟ್ಟು ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ಪಕ್ಕದಲ್ಲಿ ಕೂತಳು.